ಎಲ್ಲಾ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ

ನಮ್ಮ ಕಡೆ ಹೊಟ್ಟೆಯ ಎಲ್ಲಾ ಕಷ್ಟಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಹುಳಿ ತೇಗು ಬಂದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್. ಬೆನ್ನು ಹಿಡಿದುಕೊಂಡರೂ "ಗ್ಯಾಸ್ ಓಡಾಡ್ತಿದೆ ಬಿಡಿ" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಜಠರಕ್ಕೆ ಸಂಬಂಧಪಟ್ಟದ್ದು ಅನ್ನುವಷ್ಟೇ ಅರ್ಥ. ಅದು ರೋಗದ ಹೆಸರೇ ಅಲ್ಲ. ನಾವು ಅದಕ್ಕೂ ಗ್ಯಾಸ್‌ಗೂ ಗಂಟು ಹಾಕಿ ಒಂದು ಕಾಯಿಲೆ ಮಾಡಿಟ್ಟಿದ್ದೇವೆ. ಮೆಡಿಕಲ್ ಶಾಪಿನಲ್ಲಿ "ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ" ಅಂದರೆ ಸಾಕು, ಎಲ್ಲಿ ನೋವು, ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಮಾತ್ರೆ ಕೈಗೆ ಬಂದಿರುತ್ತದೆ.

ಕೇಳಬೇಕಾದದ್ದು ಆ ಎರಡು ಪ್ರಶ್ನೆಯನ್ನೇ. ನೋವು ಎಲ್ಲಿ? ಊಟ ಆಗಿ ಎಷ್ಟು ಹೊತ್ತಿಗೆ? ಒಂದು ಬೆರಳಿಟ್ಟು ಜಾಗ ತೋರಿಸಿ, ಒಮ್ಮೆ ಗಡಿಯಾರ ನೋಡಿ. ಇಷ್ಟು ಮಾಡಿದರೆ ಹತ್ತಾರು ಕಾರಣಗಳಲ್ಲಿ ಮುಕ್ಕಾಲುಪಾಲು ಪಕ್ಕಕ್ಕೆ ಸರಿದು ಎರಡೋ ಮೂರೋ ಉಳಿಯುತ್ತವೆ.

ಅದು ಹೇಗೆ ಅಂತ ತಿಳಿಯಲು ಅನ್ನ ಇಳಿಯುವ ದಾರಿ ಗೊತ್ತಿರಬೇಕು. ನುಂಗಿದ ತುತ್ತು ಅನ್ನನಾಳದಲ್ಲಿ ಇಳಿದು ಜಠರ ಸೇರಲು ಹತ್ತು ಸೆಕೆಂಡು ಸಾಕು. ಜಠರ ಅಂದರೆ ಎಡಗಡೆ ಪಕ್ಕೆಲುಬಿನ ಕೆಳಗಿರುವ ಚೀಲ. ಖಾಲಿ ಇದ್ದಾಗ ಮುಷ್ಟಿಯಷ್ಟು, ಹೊಟ್ಟೆತುಂಬ ಉಂಡರೆ ಒಂದು ಲೀಟರ್ ಹಿಡಿಯುವಷ್ಟು ಹಿಗ್ಗುತ್ತದೆ. ಅಲ್ಲಿ ಆಸಿಡ್ ಜೊತೆ ಎರಡರಿಂದ ನಾಲ್ಕು ಗಂಟೆ ಅನ್ನ ಕಲಸಿ ಗಂಜಿಯಂತಾಗುತ್ತದೆ. ಎಣ್ಣೆ, ತುಪ್ಪ ಜಾಸ್ತಿ ಇದ್ದರೆ ಇನ್ನೂ ತಡ. ಆ ಗಂಜಿ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಹೋಗುತ್ತದೆ. ಅಲ್ಲಿ ಪಿತ್ತಕೋಶದ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಎರಡೂ ಬಂದು ಸೇರುತ್ತವೆ. ಜೀರ್ಣವಾಗದೆ ಉಳಿದದ್ದು ಕೆಲವು ಗಂಟೆಗಳ ನಂತರ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಊಟಕ್ಕೆ ಕಾದು ಕೂತಿರುತ್ತವೆ. ಪ್ರತಿ ನಿಲ್ದಾಣಕ್ಕೂ ಒಂದೊಂದು ಸಮಯ, ಒಂದೊಂದು ಜಾಗ.

ಎಲೆ ಮುಂದೆ ಇರುವಾಗಲೇ ನೋವು

ಕೆಲವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ. ಹೊಕ್ಕಳಿಗಿಂತ ಮೇಲೆ, ಪಕ್ಕೆಲುಬು ಕೂಡುವ ಕಡೆ ಭಾರ, ನೋವು. ಊಟ ಬಂದಾಗ ಜಠರದ ಮೇಲ್ಭಾಗ ಸಡಿಲವಾಗಿ ಜಾಗ ಮಾಡಿಕೊಡಬೇಕು. ಕೆಲವರಲ್ಲಿ ಅದು ಸರಿಯಾಗಿ ಸಡಿಲವಾಗುವುದಿಲ್ಲ. ಇನ್ನು ಕೆಲವರಲ್ಲಿ ಜಠರದ ನರಗಳು ತೀರಾ ಚುರುಕು, ಬೇರೆಯವರಿಗೆ ಗೊತ್ತೇ ಆಗದ ಒತ್ತಡ ಇವರಿಗೆ ನೋವಾಗಿ ಕಾಣುತ್ತದೆ. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಜಠರ ನೋಡುವ ಪರೀಕ್ಷೆ, ಮಾಡಿಸಿದರೆ ಎಲ್ಲಾ ಸರಿ ಇರುತ್ತದೆ. ಆಗ ಮನೆಯವರು "ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋತೀಯ" ಅನ್ನುತ್ತಾರೆ. ಟೆನ್ಷನ್‌ಗೂ ಇದಕ್ಕೂ ಸಂಬಂಧ ಇರುವುದು ನಿಜ, ಹೊಟ್ಟೆಗೂ ಮಿದುಳಿಗೂ ನೇರ ನರದ ಸಂಪರ್ಕ ಇದೆ. ಆದರೆ ನೋವು ನಾಟಕವಲ್ಲ. ಇವರಿಗೆ ಮೂರು ದೊಡ್ಡ ಊಟಕ್ಕಿಂತ ಐದು ಸಣ್ಣ ಊಟ ಹಿತ. ಎಣ್ಣೆ ಕಡಿಮೆ ಮಾಡಿದರೆ ಇನ್ನೂ ಹಿತ.

ನೋವಿಗಿಂತ ಉರಿ ಜಾಸ್ತಿ, ಅದೂ ಎದೆಯ ನಡುವೆ, ಬಗ್ಗಿದರೆ ಬಾಯಿಗೆ ಹುಳಿನೀರು ಬರುತ್ತದೆ ಅಂದರೆ ಕಥೆ ಬೇರೆ. ಅನ್ನನಾಳ ಜಠರ ಸೇರುವ ಕಡೆ ಒಂದು ಬಿಗಿ ಬಳೆಯಂಥ ಸ್ನಾಯು ಇದೆ. ಅದು ಸಡಿಲವಾದರೆ ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಜಠರಕ್ಕೆ ಆಸಿಡ್ ತಡೆಯುವ ಲೋಳೆಯ ಪದರ ಇದೆ, ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ರಾತ್ರಿ ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ ಅನ್ನುವ ನಮ್ಮ ಊರುಗಳ ದಿನಚರಿಗೆ ಇದು ಹೇಳಿ ಮಾಡಿಸಿದ ಕಾಯಿಲೆ. ಮಲಗುವ ಎರಡು ಮೂರು ಗಂಟೆ ಮೊದಲು ಊಟ ಮುಗಿಸುವುದು, ಮಂಚದ ತಲೆಯ ಕಡೆಯ ಕಾಲಿನ ಕೆಳಗೆ ಆರು ಅಂಗುಲದ ಕಟ್ಟಿಗೆ ಇಡುವುದು, ಎಡಮಗ್ಗುಲಲ್ಲಿ ಮಲಗುವುದು, ಈ ಮೂರೂ ನಿಜವಾಗಿ ಕೆಲಸ ಮಾಡುತ್ತವೆ. ಎಡಮಗ್ಗುಲಲ್ಲಿ ಮಲಗಿದರೆ ಆಸಿಡ್ ತಳದಲ್ಲಿ ನಿಲ್ಲುತ್ತದೆ, ಬಾಗಿಲು ಮೇಲಿರುತ್ತದೆ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ನೋಯುತ್ತದೆಯೇ ಹೊರತು ಹೊಟ್ಟೆಗೆ ಅಷ್ಟು ಲಾಭ ಇಲ್ಲ. ಬೊಜ್ಜು, ಬೀಡಿ ಸಿಗರೇಟು, ಬಿಗಿದು ಕಟ್ಟಿದ ಬೆಲ್ಟು, ಲಂಗದ ಲಾಡಿ ಇವೆಲ್ಲವೂ ಉರಿ ಹೆಚ್ಚಿಸುತ್ತವೆ. ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಉಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಉಣ್ಣುತ್ತಿದ್ದಂತೆ ಹೊಟ್ಟೆ ನುಲಿದು ಕಕ್ಕಸಿಗೆ ಓಡಬೇಕಾಗುವುದು ಇನ್ನೊಂದು ಬಗೆ. ಜಠರ ತುಂಬಿದ ಕೂಡಲೇ ದೊಡ್ಡ ಕರುಳಿಗೆ "ಜಾಗ ಖಾಲಿ ಮಾಡು" ಅನ್ನುವ ಸಂದೇಶ ಹೋಗುತ್ತದೆ. ಇದು ಎಲ್ಲರಲ್ಲೂ ಇದೆ. ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ, ಇರುವವರಲ್ಲಿ ಕರುಳು ಆ ಸಂದೇಶಕ್ಕೆ ಬೆಚ್ಚಿಬಿದ್ದವರ ಹಾಗೆ ಆಡುತ್ತದೆ. ಮೂರು ತಿಂಗಳಿಂದ ವಾರಕ್ಕೊಮ್ಮೆಯಾದರೂ ನೋವು, ಅದರ ಜೊತೆಗೆ ಮಲ ಹೋಗುವ ಲಯವೋ ರೂಪವೋ ಬದಲಾಗಿದೆ ಅಂದರೆ ವೈದ್ಯರು ಐಬಿಎಸ್ ಬಗ್ಗೆ ಯೋಚಿಸುತ್ತಾರೆ.

ಹಾಲು, ಪಾಯಸ, ಅರ್ಧ ಗಂಟೆ

ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು ಅಂದು, ಉಬ್ಬಿ, ಆಮೇಲೆ ಭೇದಿಯೂ ಆದರೆ ಹಾಲಿನ ಮೇಲೆ ಅನುಮಾನ ಪಡಿ. ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕೂಸಾಗಿದ್ದಾಗ ಅದು ಬೇಕಾದಷ್ಟು ಇರುತ್ತದೆ. ಬೆಳೆದಂತೆ ಬಹಳ ಜನರಲ್ಲಿ ಇಳಿಯುತ್ತದೆ. ಪ್ರಪಂಚದ ದೊಡ್ಡವರಲ್ಲಿ ಹೆಚ್ಚಿನವರ ಕಥೆ ಇದೇ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಜಾಸ್ತಿ. ಒಡೆಯದ ಲ್ಯಾಕ್ಟೋಸ್ ಕೆಳಗಿಳಿದು ನೀರನ್ನು ಎಳೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿಂದು ಗ್ಯಾಸ್ ಬಿಡುತ್ತವೆ.

ಇದು ಅಲರ್ಜಿ ಅಲ್ಲ, ಲೆಕ್ಕದ ವಿಷಯ. ಒಂದು ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಕಾಫಿಗೆ ಹಾಕುವ ಹಾಲು ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಪೂರ್ತಿ ಲೋಟ ಕುಡಿದಾಗ, ಅಥವಾ ಪಾಯಸದ ಮೇಲೆ ಐಸ್‌ಕ್ರೀಂ ಬಿದ್ದಾಗ ಕಷ್ಟ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸ್ ತಿಂದು ಮುಗಿಸಿರುತ್ತವೆ, ಒಡೆಯುವ ಕಿಣ್ವವನ್ನೂ ಜೊತೆಗೆ ತರುತ್ತವೆ. ಅದಕ್ಕೇ ಹಾಲು ಆಗದವರು ಮೊಸರನ್ನ ಆರಾಮಾಗಿ ಉಣ್ಣುತ್ತಾರೆ. ಎರಡು ವಾರ ಹಾಲು ಬಿಟ್ಟು ನೋಡಿ, ಆಮೇಲೆ ಮತ್ತೆ ಕುಡಿದು ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಬಜ್ಜಿ ತಿಂದ ರಾತ್ರಿ, ಬಲಗಡೆ ಪಕ್ಕೆ

ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರ್‌ಗೆ ಅಂಟಿಕೊಂಡಂತೆ, ಒಂದು ಸಣ್ಣ ಚೀಲ ಇದೆ. ಅದೇ ಪಿತ್ತಕೋಶ. ಐವತ್ತು ಮಿಲಿ ಲೀಟರಿನಷ್ಟು ಪಿತ್ತರಸ ಅದರಲ್ಲಿ ಹಿಡಿಯುತ್ತದೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದಾಗ ಒಂದು ಹಾರ್ಮೋನು ಬಿಡುಗಡೆಯಾಗಿ ಈ ಚೀಲವನ್ನು ಹಿಂಡುತ್ತದೆ. ಒಳಗೆ ಕಲ್ಲಿದ್ದು ಅದು ಬಾಯಿಗೆ ಸಿಕ್ಕಿಕೊಂಡರೆ ನೋವು ಶುರು. ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲಗಡೆ ಹಿಡಿದು ಬೆನ್ನಿಗೆ, ಬಲ ಹೆಗಲಿಗೆ ಹಬ್ಬುತ್ತದೆ. ಗ್ಯಾಸಿನ ನೋವಿನ ಹಾಗೆ ಬಂದು ಹೋಗುವುದಿಲ್ಲ. ಏರುತ್ತದೆ, ಏರಿದಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಇಳಿಯುತ್ತದೆ. ಮರುದಿನ ಏನೂ ಆಗಿಲ್ಲದ ಹಾಗೆ. ಒಂದು ತಿಂಗಳ ನಂತರ, ಮತ್ತೊಂದು ಮದುವೆ ಊಟದ ರಾತ್ರಿ, ಮತ್ತೆ.

ಹೆಂಗಸರಲ್ಲಿ, ನಲವತ್ತು ದಾಟಿದವರಲ್ಲಿ, ತೂಕ ಜಾಸ್ತಿ ಇರುವವರಲ್ಲಿ ಈ ಕಲ್ಲು ಹೆಚ್ಚು. ಗಡಿಬಿಡಿಯಲ್ಲಿ ತೂಕ ಇಳಿಸಿದವರಲ್ಲೂ ಬರುತ್ತದೆ. ನಮ್ಮಲ್ಲಿ ಕಲ್ಲು ಅಂದ ಕೂಡಲೇ ಬಾಳೆದಿಂಡಿನ ರಸ ಕುಡಿಯಿರಿ ಅನ್ನುವವರು ನಾಲ್ಕು ಜನ ಸಿಗುತ್ತಾರೆ. ಅವರ ಮನಸ್ಸಲ್ಲಿರುವುದು ಕಿಡ್ನಿ ಕಲ್ಲು. ಕಿಡ್ನಿ ಕಲ್ಲಿಗೇ ಆ ರಸ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಬೇರೆ ಚರ್ಚೆ. ಪಿತ್ತಕೋಶದ ಕಲ್ಲಂತೂ ಮೂತ್ರದ ದಾರಿಯಲ್ಲಿ ಇಲ್ಲವೇ ಇಲ್ಲ, ಎಷ್ಟು ನೀರು ಕುಡಿದರೂ ಅದು ತೊಳೆದುಹೋಗುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡರೆ, ನೋವೇ ಇಲ್ಲದಿದ್ದರೆ, ಸಾಮಾನ್ಯವಾಗಿ ಸುಮ್ಮನಿರಬಹುದು. ನೋವು ಪದೇ ಪದೇ ಬಂದರೆ ಪಿತ್ತಕೋಶವನ್ನೇ ಲ್ಯಾಪರೋಸ್ಕೋಪಿಯಿಂದ, ಅಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನಷ್ಟೇ ಮಾಡಿ, ತೆಗೆಯುತ್ತಾರೆ. ಅದಿಲ್ಲದೆ ಬದುಕಲು ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ. ಪಿತ್ತಕೋಶ ಬರೀ ಗೋದಾಮು.

ನೋವು ಆರು ಗಂಟೆ ಕಳೆದರೂ ಇಳಿಯಲಿಲ್ಲ, ಜ್ವರ ಬಂತು, ಕಣ್ಣು ಹಳದಿಯಾಯಿತು ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಲ್ಲು ಜಾರಿ ಮೇದೋಜೀರಕ ಗ್ರಂಥಿಯ ಬಾಯಿ ಮುಚ್ಚಿದರೆ ಅದು ಬೇರೆಯೇ ಅಪಾಯ. ಆ ಗ್ರಂಥಿ ಊದಿಕೊಂಡಾಗಿನ ನೋವು ಹೊಟ್ಟೆಯಿಂದ ಬೆನ್ನಿಗೆ ಗೂಟ ಹೊಡೆದ ಹಾಗಿರುತ್ತದೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ. ವಿಪರೀತ ಕುಡಿಯುವವರಲ್ಲಿ ಕಲ್ಲಿಲ್ಲದೆಯೂ ಇದು ಬರುತ್ತದೆ.

ರಾತ್ರಿ ಎರಡು ಗಂಟೆಯ ನೋವು

ಹುಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮನೆಯಲ್ಲೇ ಒಂದು ಕಥೆ ನಡೆದಿದೆ.

ಹುಣ್ಣು ಜಠರದಲ್ಲಿದ್ದರೆ ಉಂಡ ಸ್ವಲ್ಪ ಹೊತ್ತಿಗೇ ನೋವು ಬರುತ್ತದೆ. ಜಠರ ದಾಟಿದ ಕೂಡಲೇ ಬರುವ ಸಣ್ಣ ಕರುಳಿನ ಮೊದಲ ತುಂಡಿನಲ್ಲಿದ್ದರೆ ಎರಡು ಮೂರು ಗಂಟೆಯ ನಂತರ, ಹೊಟ್ಟೆ ಖಾಲಿಯಾಗುವ ಹೊತ್ತಿಗೆ. ನಡುರಾತ್ರಿ ಎಬ್ಬಿಸುವುದೂ ಇದೇ. ಎದ್ದು ಎರಡು ಬಿಸ್ಕತ್ ತಿಂದರೆ ತಣ್ಣಗಾಗುತ್ತದೆ. ಎಲ್ಲರ ನೋವೂ ಈ ನಿಯಮ ಪಾಲಿಸುವುದಿಲ್ಲ, ಆದರೂ ಇದು ಒಳ್ಳೆಯ ಸುಳಿವು.

ಬಹಳ ಕಾಲ ಎಲ್ಲರೂ, ವೈದ್ಯರೂ ಸೇರಿ, ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಅಂದುಕೊಂಡಿದ್ದರು. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರೂ ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂದರು. ಆಸಿಡ್‌ನಲ್ಲಿ ಯಾವ ಜೀವಿ ಬದುಕುತ್ತೆ ಅಂತ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರ ಊದಿಕೊಂಡಿತ್ತು, ಬ್ಯಾಕ್ಟೀರಿಯಾವೂ ಸಿಕ್ಕಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾದ ಹೆಸರು ಎಚ್. ಪೈಲೋರಿ. ಅದು ತನ್ನ ಸುತ್ತ ಅಮೋನಿಯಾ ತಯಾರಿಸಿಕೊಂಡು ಆಸಿಡ್‌ನಿಂದ ಪಾರಾಗುತ್ತದೆ. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಚಿಕ್ಕಂದಿನಿಂದಲೇ ಇರುತ್ತದೆ, ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಕೆಲವರಿಗೆ ಹುಣ್ಣು ಮಾಡುತ್ತದೆ. ಎರಡು ಆ್ಯಂಟಿಬಯೋಟಿಕ್ ಮತ್ತು ಆಸಿಡ್ ತಗ್ಗಿಸುವ ಮಾತ್ರೆ, ಸಾಮಾನ್ಯವಾಗಿ ಹದಿನಾಲ್ಕು ದಿನ. ನೋವು ಹೋಯಿತು ಅಂತ ಐದನೇ ದಿನಕ್ಕೆ ನಿಲ್ಲಿಸಿದರೆ ಅದು ಮತ್ತೆ ಬೆಳೆಯುತ್ತದೆ, ಈ ಸಲ ಮದ್ದಿಗೆ ಜಗ್ಗದೇ ಇರಬಹುದು.

ಹಾಗಾದರೆ ಖಾರ? ಇರುವ ಹುಣ್ಣಿಗೆ, ಉರಿಯುವ ಹೊಟ್ಟೆಗೆ ಖಾರ ಬಿದ್ದರೆ ಉರಿ ಹೆಚ್ಚುತ್ತದೆ. ಹುಣ್ಣು ಹುಟ್ಟಿಸುವುದು ಖಾರ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ಮೇಲೆ ಹೊರಿಸಿದ್ದ ಅಪವಾದ ಅಷ್ಟರಮಟ್ಟಿಗೆ ಸುಳ್ಳು.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನಾವೇ ನುಂಗುವ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ಒಂದೇ ಬಳಗ. ನೋವು ಉಂಟುಮಾಡುವ ರಾಸಾಯನಿಕವನ್ನು ಇವು ತಡೆಯುತ್ತವೆ. ಆದರೆ ಅದೇ ಗುಂಪಿನ ರಾಸಾಯನಿಕ ಜಠರದ ಲೋಳೆಯ ಪದರವನ್ನೂ ಕಾಯುತ್ತಿರುತ್ತದೆ. ಕಾವಲುಗಾರ ಹೋದ ಮೇಲೆ ಆಸಿಡ್ ಗೋಡೆ ಕೊರೆಯುತ್ತದೆ. ನಮ್ಮ ಅಪ್ಪ ಮಂಡಿನೋವಿಗೆ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ನುಂಗುತ್ತಿದ್ದರು. ಊಟ ಆದ ಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅದಕ್ಕೆ "ಗ್ಯಾಸ್ಟ್ರಿಕ್" ಅಂತ ಅದೇ ಅಂಗಡಿಯಿಂದ ಇನ್ನೊಂದು ಮಾತ್ರೆ. ಒಂದು ದಿನ ಮೆಟ್ಟಿಲು ಹತ್ತುವಾಗ ತಲೆಸುತ್ತಿ ಕೂತರು. ಆಮೇಲೆ ವಿಚಾರಿಸಿದರೆ ವಾರದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತಂತೆ. ಅದು ಹುಣ್ಣಿನಿಂದ ಜಿನುಗಿದ ರಕ್ತ. "ಇದನ್ನೆಲ್ಲ ಹೇಳ್ಕೊಳ್ಳೋಕಾಗುತ್ತಾ?" ಅಂದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕಬ್ಬಿಣದ ಮಾತ್ರೆ ಇಲ್ಲದೆ ಕಪ್ಪಾದರೆ ಅಂದೇ ತೋರಿಸಬೇಕು. ಹೃದಯಕ್ಕೆ ಅಂತ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಅವರೆಕಾಳಿನ ಲೆಕ್ಕ

ಇನ್ನು ನಿಜವಾದ ಗ್ಯಾಸ್. ಇದು ಊಟ ಆಗಿ ಕೆಲವು ಗಂಟೆಗಳ ನಂತರ, ಹೊಕ್ಕಳ ಸುತ್ತ ಅಥವಾ ಕೆಳಹೊಟ್ಟೆಯಲ್ಲಿ, ಜಾಗ ಬದಲಿಸುತ್ತಾ ಬರುವ ನೋವು. ಗಾಳಿ ಹೋದರೆ ಹಗುರ. ಜನವರಿಯಲ್ಲಿ ಬೆಂಗಳೂರಿನ ವಿ.ವಿ. ಪುರಂ ಕಡೆ ಅವರೆ ಮೇಳಕ್ಕೆ ಹೋಗಿ ಅವರೆಬೇಳೆ ದೋಸೆಯಿಂದ ಹಿಡಿದು ಜಿಲೇಬಿಯವರೆಗೆ ಎಲ್ಲಾ ರುಚಿ ನೋಡಿ ಬಂದವರಿಗೆ ರಾತ್ರಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಯಾರಿಗೂ ಇಲ್ಲ. ಹಾಗಾಗಿ ಅವು ಇಡಿಯಾಗಿ ದೊಡ್ಡ ಕರುಳಿಗೆ ಇಳಿಯುತ್ತವೆ. ಬ್ಯಾಕ್ಟೀರಿಯಾಗಳಿಗೆ ಹಬ್ಬ. ನೀರಿನಲ್ಲಿ ಕರಗುವ ಸಕ್ಕರೆಗಳಾದ್ದರಿಂದ ಕಾಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ ಒಂದಷ್ಟು ಕಡಿಮೆಯಾಗುತ್ತವೆ. ಮೊಳಕೆ ಬರಿಸಿದರೆ ಇನ್ನೂ ಕಡಿಮೆ, ಮೊಳಕೆ ಬೆಳೆಯಲು ಅದೇ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಹಿದುಕಿದ ಬೇಳೆ ಮಾಡಲು ಅಜ್ಜಿಯಂದಿರು ರಾತ್ರಿಯೆಲ್ಲ ಅವರೆ ನೆನೆಸಿ, ಸಿಪ್ಪೆ ಹಿಸುಕಿ ತೆಗೆಯುತ್ತಿದ್ದರಲ್ಲ, ರುಚಿಯ ಜೊತೆ ಹೊಟ್ಟೆಗೂ ಅದರಿಂದ ಒಳ್ಳೆಯದೇ ಆಗುತ್ತಿತ್ತು. ಕಾಳು ತಿಂದು ರೂಢಿ ಇಲ್ಲದವರು ಒಮ್ಮೆಲೇ ಬಟ್ಟಲುಗಟ್ಟಲೆ ತಿನ್ನದೆ ನಿಧಾನಕ್ಕೆ ಹೆಚ್ಚಿಸಿದರೆ ಕರುಳು ಹೊಂದಿಕೊಳ್ಳುತ್ತದೆ. ಗ್ಯಾಸ್ ಆಗುತ್ತದೆ ಅಂತ ಕಾಳನ್ನೇ ಬಿಡುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ.

ಕಾಳಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲಸು, ಮಾವು, ಸೇಬು ಇವುಗಳಲ್ಲೂ ಹೀಗೆ ಹುದುಗುವ ಅಂಶಗಳಿವೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇವನ್ನೆಲ್ಲ ಪಟ್ಟಿ ಮಾಡಿ ದೂರವಿಡುವ ಫಾಡ್‌ಮ್ಯಾಪ್ ಅನ್ನುವ ಪಥ್ಯ ರೂಪಿಸಿದರು. ಐಬಿಎಸ್ ಇರುವವರಲ್ಲಿ ಅನೇಕರಿಗೆ ಇದರಿಂದ ಗುಣ ಕಾಣುತ್ತದೆ. ಆದರೆ ಇದು ಜೀವನಪೂರ್ತಿ ಮಾಡುವ ಪಥ್ಯ ಅಲ್ಲ. ಇವನ್ನು ಕೆಲವು ವಾರ ತಿನ್ನದೆ ಇದ್ದು, ಆಮೇಲೆ ಒಂದೊಂದನ್ನೇ ವಾಪಸ್ ತಂದು ಯಾವುದು ಕಾಡುತ್ತದೆ ಅಂತ ಹಿಡಿಯುವ ಉಪಾಯ. ನಮ್ಮವರು "ಹಸಿದು ಹಲಸು, ಉಂಡು ಮಾವು" ಅಂದದ್ದರಲ್ಲೂ ಅನುಭವ ಇದೆ. ತುಂಬಿದ ಹೊಟ್ಟೆಯ ಮೇಲೆ ಹತ್ತು ತೊಳೆ ಹಲಸಿನ ಹಣ್ಣು ಹಾಕಿ ನೋಡಿದವರಿಗೆ ಗೊತ್ತು.

ಅನ್ನದ ವಿಷಯದಲ್ಲಿ ಒಂದು ಮಾತು. ರಾತ್ರಿಯ ಅನ್ನ ಅಡುಗೆಮನೆ ಕಟ್ಟೆಯ ಮೇಲೇ ಉಳಿದು, ಬೆಳಗ್ಗೆ ಚಿತ್ರಾನ್ನ ಆಗಿ, ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅದು ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ವಿಷ ಇರಬಹುದು. ಇದರ ಬೀಜಕಣ ಅನ್ನ ಬೇಯಿಸಿದರೂ ಸಾಯುವುದಿಲ್ಲ, ಅದು ಬಿಟ್ಟ ವಿಷ ಒಗ್ಗರಣೆಯಲ್ಲಿ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಉಳಿದರೆ ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ವಾಂತಿ ಭೇದಿ ಆದಾಗ ಮುಖ್ಯ ಮದ್ದು ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಕ್ಕಳು ಹೊಕ್ಕಳ ಮೇಲೆ ಕೈಯಿಟ್ಟು ನೋವು ಅಂದರೆ ಬಹಳ ಸಲ ಮಲಬದ್ಧತೆ ಇರುತ್ತದೆ. ದೃಷ್ಟಿ ತೆಗೆಯುವ ಮೊದಲು ಕಕ್ಕಸಿಗೆ ಹೋಗಿ ಎಷ್ಟು ದಿನ ಆಯಿತು ಅಂತ ಕೇಳಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ.

ಮಾತ್ರೆ, ಪುಡಿ, ಕಷಾಯ

ಇನೋ ಕುಡಿದ ಕೂಡಲೇ ದೊಡ್ಡ ತೇಗು ಬಂದು "ಹಾ, ಗ್ಯಾಸ್ ಹೋಯ್ತು" ಅನ್ನಿಸುತ್ತದೆ. ಅದರಲ್ಲಿರುವುದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ನೀರು ಬಿದ್ದರೆ ಇವೆರಡೂ ಸೇರಿ ಗ್ಯಾಸ್ ಬಿಡುತ್ತವೆ. ಅಂದರೆ ಆ ತೇಗಿನ ಬಹುಪಾಲು ಇನೋ ತಾನೇ ಹುಟ್ಟಿಸಿದ್ದು! ಆಸಿಡ್ ಅನ್ನು ಸ್ವಲ್ಪ ಹೊತ್ತು ತಣಿಸುವುದು ನಿಜ. ಸೋಡಿಯಂ ಜಾಸ್ತಿ ಇರುವುದರಿಂದ ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ದಿನಾ ಕುಡಿಯಬಾರದು. ಡೈಜಿನ್, ಜೆಲುಸಿಲ್‌ನಂಥವು ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಸಿಡ್ ತಣಿಸುವ ಮದ್ದು. ಅಪರೂಪಕ್ಕೆ ಒಂದು ಸಲಕ್ಕೆ ಒಳ್ಳೆಯವು.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಳಗ ಬೇರೆ ಥರ. ಇವು ಆಸಿಡ್ ತಯಾರಾಗುವುದನ್ನೇ ತಡೆಯುತ್ತವೆ. ಉಂಡು ನೋವು ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು, ಪೂರ್ತಿ ಪರಿಣಾಮಕ್ಕೆ ಎರಡು ಮೂರು ದಿನ ಕಾಯಬೇಕು. ವೈದ್ಯರು ನಾಲ್ಕರಿಂದ ಎಂಟು ವಾರಕ್ಕೆ ಬರೆದಿರುತ್ತಾರೆ, ನಮ್ಮವರು ಎಂಟು ವರ್ಷ ನುಂಗುತ್ತಾರೆ. ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ದಿಢೀರ್ ನಿಲ್ಲಿಸಿದರೆ ಕೆಲವು ವಾರ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. "ನೋಡಿ, ಮಾತ್ರೆ ಬಿಟ್ರೆ ಆಗಲ್ಲ" ಅನ್ನುವುದರ ಹಿಂದಿನ ಗುಟ್ಟು ಎಷ್ಟೋ ಸಲ ಇದೇ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಆಸಿಡ್ ತಗ್ಗಿಸುವ ಹಳೆಯ ಮಾತ್ರೆ ರಾನಿಟಿಡಿನ್ ಅನ್ನು 2022ರಲ್ಲಿ ನಮ್ಮ ಸರ್ಕಾರ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ಟಿತು. ಅದರಲ್ಲಿ ಕ್ಯಾನ್ಸರ್ ತರಬಹುದಾದ ರಾಸಾಯನಿಕದ ಅಂಶ ಇದೆ ಅನ್ನುವ ಆತಂಕ 2019ರಿಂದಲೂ ಇತ್ತು.

ತಣ್ಣನೆ ಹಾಲು ಕುಡಿದರೆ ಉರಿ ಆ ಕ್ಷಣಕ್ಕೆ ಇಳಿಯುತ್ತದೆ, ಆಮೇಲೆ ಹಾಲಿನ ಕ್ಯಾಲ್ಸಿಯಂ, ಪ್ರೋಟೀನ್ ಇನ್ನಷ್ಟು ಆಸಿಡ್ ಸುರಿಸುತ್ತವೆ. ಜೀರಿಗೆ ಕಷಾಯ, ಓಮದ ನೀರು, ಇಂಗು ಹಾಕಿದ ಮಜ್ಜಿಗೆ ಇವು ಉಬ್ಬರಕ್ಕೆ ಹಿತ, ಕುಡಿಯಿರಿ. ಶುಂಠಿ ಜಠರ ಬೇಗ ಖಾಲಿಯಾಗಲು ಸ್ವಲ್ಪ ನೆರವಾಗುತ್ತದೆ. ನುಲಿಯುವ ನೋವಿಗೆ ಬಿಸಿನೀರಿನ ಚೀಲ ಒಳ್ಳೆಯದು. ಊಟ ಆದ ಮೇಲೆ ಹತ್ತು ನಿಮಿಷ ಮೆಲ್ಲಗೆ ಅಡ್ಡಾಡುವುದು ಇವೆಲ್ಲಕ್ಕಿಂತ ಒಳ್ಳೆಯದು.

ಮನೆಮದ್ದು ಬಿಟ್ಟು ಎದ್ದು ಹೊರಡಬೇಕಾದ ಹೊತ್ತೂ ಇದೆ. ಕಾರಣ ಇಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತದ ವಾಂತಿ, ಕಪ್ಪು ಮಲ, ನಿಲ್ಲದ ವಾಂತಿ, ಕಣ್ಣು ಹಳದಿ, ರಕ್ತ ಕಡಿಮೆ ಇದೆ ಅನ್ನುವ ವರದಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು. ಹೊಕ್ಕಳ ಸುತ್ತ ಶುರುವಾಗಿ ಬಲ ಕೆಳಹೊಟ್ಟೆಗೆ ಇಳಿದು ನಿಂತ ನೋವು ಅಪೆಂಡಿಕ್ಸ್ ಇರಬಹುದು. ವಯಸ್ಸಾದವರು, ಅದರಲ್ಲೂ ಧೂಮಪಾನ ಮಾಡುತ್ತಿದ್ದವರು, ನೋವಿಗೆ ಹೆದರಿ ಊಟವನ್ನೇ ಕಡಿಮೆ ಮಾಡಿದ್ದರೆ ಕರುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗಿರಬಹುದು.

ಎಲ್ಲಕ್ಕಿಂತ ಅಪಾಯದ ಮಾತು "ಗ್ಯಾಸ್ಟ್ರಿಕ್ ಅಂದ್ಕೊಂಡ್ವಿ" ಅನ್ನುವುದು. ಹಾರ್ಟ್ ಅಟ್ಯಾಕ್ ಆಗಿ ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಬಹುದು, ವಾಂತಿ ಬಂದಂತಾಗಬಹುದು, ತೇಗೂ ಬರಬಹುದು. ಜೊತೆಗೆ ತಣ್ಣನೆ ಬೆವರು, ಉಸಿರು ಕಟ್ಟುವುದು, ದವಡೆಗೋ ತೋಳಿಗೋ ಹಬ್ಬುವ ನೋವು, ನಡೆದರೆ ಜಾಸ್ತಿಯಾಗುವುದು ಇದ್ದರೆ ಇನೋ ಕಲಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಈ ಲಕ್ಷಣಗಳೂ ಸರಿಯಾಗಿ ಕಾಣದೆ ಬರೀ ಸುಸ್ತು, ಹೊಟ್ಟೆ ತೊಳಸುವುದು ಇರಬಹುದು. 108ಕ್ಕೆ ಕರೆ ಮಾಡಿ, ಮೊದಲು ಇಸಿಜಿ ತೆಗೆಸಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಇಸಿಜಿ ತೆಗೆಯುತ್ತಾರೆ. ಅದನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಬೇಕಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನೂ ಉಚಿತವಾಗಿ ಕೊಡುತ್ತಾರೆ.

ವೈದ್ಯರ ಹತ್ತಿರ ಹೋದಾಗ

"ಸ್ಕ್ಯಾನಿಂಗ್ ನಾರ್ಮಲ್ ಬಂತು, ಹೊಟ್ಟೆಯಲ್ಲಿ ಏನೂ ಇಲ್ಲ" ಅಂತ ಸಮಾಧಾನ ಮಾಡಿಕೊಳ್ಳುವವರು ತುಂಬಾ ಜನ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಚೆನ್ನಾಗಿ ಕಾಣುತ್ತದೆ, ಹುಣ್ಣು ಕಾಣುವುದಿಲ್ಲ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಎಚ್. ಪೈಲೋರಿಗೆ ಉಸಿರಿನ ಅಥವಾ ಮಲದ ಪರೀಕ್ಷೆ ಇದೆ. ಅದಕ್ಕೆ ಎರಡು ವಾರ ಮೊದಲು ಆಸಿಡ್ ತಡೆಯುವ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ಯಾವ ಪರೀಕ್ಷೆ ಬೇಕು ಅನ್ನುವುದು ಮತ್ತೆ ಆ ಎರಡು ಪ್ರಶ್ನೆಗೇ ಬಂದು ನಿಲ್ಲುತ್ತದೆ, ಎಲ್ಲಿ ಮತ್ತು ಯಾವಾಗ.

ಉತ್ತರ ಬರೆದಿಟ್ಟುಕೊಂಡು ಹೋದರೆ ಸುಲಭ. ನನಗೂ ಎರಡು ವರ್ಷ ರಾತ್ರಿ ಹೊಟ್ಟೆ ನುಲಿಯುತ್ತಿತ್ತು. ಸಾರಿನ ಖಾರ ಅಂದುಕೊಂಡು ಮನೆಯವರಿಗೆಲ್ಲ ಸಪ್ಪೆ ಊಟ ಹಾಕಿಸಿದ್ದೆ. ವೈದ್ಯರು ಮೂರು ವಾರ ಬರೆದುಕೊಂಡು ಬನ್ನಿ ಅಂದರು. ಬೇರೆ ಪುಸ್ತಕ ಯಾಕೆ ಅಂತ ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿದೆ: ಎಷ್ಟು ಗಂಟೆಗೆ ಊಟ, ಎಷ್ಟಕ್ಕೆ ನೋವು. ಫೋಟೋ ತೆಗೆದು ತೋರಿಸಿದಾಗ ಅವರು ನನ್ನ ಗುರುತಿಗಿಂತ ಅದರ ಪಕ್ಕದಲ್ಲಿದ್ದ ಬರಹ ನೋಡಿ, "ಇದೇನು, ಒಂದೂವರೆ, ಒಂದೂವರೆ, ಎರಡು?" ಅಂದರು. ಅದು ಹಾಲಿನವನ ಲೆಕ್ಕ. ಎರಡು ಲೀಟರ್ ಅಂತ ಇದ್ದ ದಿನಗಳಲ್ಲೆಲ್ಲ ನನ್ನ ಪೆನ್ಸಿಲ್ ಗುರುತೂ ಇತ್ತು.